ಸಂಕ ಮುರಿಯಬಾರದು, ಕೈಗೂ ಸಿಗಬೇಕು

ನಮ್ಮ ಕಾಸರಗೋಡಿನ ಕಡೆ ತೋಡಿಗೆ ಅಡ್ಡ ಹಾಕಿದ ಎರಡು ಅಡಕೆ ಮರವೂ ಸಂಕವೇ, ಚಂದ್ರಗಿರಿ ಹೊಳೆಗೆ ಕಟ್ಟಿದ ಸೇತುವೆಯೂ ಸಂಕವೇ. ಮಳೆಗಾಲದಲ್ಲಿ ತೋಡಿನ ಸಂಕ ಕೊಚ್ಚಿಹೋದರೆ ಮನೆ ಈಚೆ, ತೋಟ ಆಚೆ. ಎರಡನೇ ಮಹಾಯುದ್ಧದಲ್ಲಿ, 1944ರ ಜೂನ್‌ನಲ್ಲಿ, ಜರ್ಮನರ ಕೈಲಿದ್ದ ಫ್ರಾನ್ಸಿನ ನಾರ್ಮಂಡಿ ಕರಾವಳಿಗೆ ಹೊರಟ ಬ್ರಿಟಿಷರ ಹೆದರಿಕೆಯೂ ಇದೇ ಜಾತಿಯದು. ಅವರ 6ನೇ ವಾಯುವಾಹಿತ ಡಿವಿಜನ್, ಅಂದರೆ ಆಕಾಶದಿಂದ ಇಳಿಯುವ ಸೈನ್ಯ, ಇಳಿಯಬೇಕಾದದ್ದು ಓರ್ನ್ ನದಿಯ ಪೂರ್ವಕ್ಕೆ, ಹಡಗಿನಿಂದ ಬರುವ ಸೈನ್ಯ ಪಶ್ಚಿಮಕ್ಕೆ. ನಡುವೆ ಬೆನೂವಿಲ್ಲಿನಲ್ಲಿ ಕಾನ್ ಕಾಲುವೆಯ ಎತ್ತುಸೇತುವೆ, ಅಲ್ಲಿಂದ ಸುಮಾರು ಅರ್ಧ ಕಿಲೋಮೀಟರಿಗೆ ಓರ್ನ್ ನದಿಯದ್ದು. ಎರಡೂ ಇಡಿಯಾಗಿ ಬೇಕು.

ಮೊದಲೇ ಸ್ಫೋಟಕ ಕಟ್ಟಿಟ್ಟಿದ್ದರೆ ಸೇತುವೆ ಉರುಳಿಸುವುದಕ್ಕೆ ಒಂದು ಸ್ವಿಚ್ ಸಾಕು. ಹಿಡಿಯುವವನಿಗೆ ಸಿಗುವುದು ಕಾವಲುಗಾರ ಎಚ್ಚೆತ್ತು ಆ ಸ್ವಿಚ್ಚಿಗೆ ಕೈಹಾಕುವವರೆಗಿನ ಸಮಯ ಮಾತ್ರ. ಅದೇ ವರ್ಷ ಸೆಪ್ಟೆಂಬರ್ 17ರಂದು ನೆದರ್‌ಲ್ಯಾಂಡ್ಸಿನ ಸೋನ್‌ನಲ್ಲಿ ಅಮೆರಿಕದ ಪ್ಯಾರಾಚೂಟ್ ಪಡೆ ಕಾಲುವೆ ಹತ್ತಿರ ಬಂದೇಬಿಟ್ಟಿತು ಅನ್ನುವಾಗ ಜರ್ಮನರು ಸೇತುವೆ ಹಾರಿಸಿಬಿಟ್ಟರು. ದೂರದಲ್ಲಿ ಇಳಿದು ನಡೆದು ಬಂದರೆ ಆಗುವುದು ಅದೇ.

ಅದಕ್ಕೇ ಬೆನೂವಿಲ್ಲಿಗೆ ಗ್ಲೈಡರ್. ಎಂಜಿನ್ ಇಲ್ಲ, ಸದ್ದಿಲ್ಲ. ಪ್ಯಾರಾಚೂಟಿನಂತೆ ಜನ ಚದುರುವುದೂ ಇಲ್ಲ. ಮರದ ಹೋರ್ಸಾ ಗ್ಲೈಡರ್ ಆರು, ಒಂದೊಂದು ಸೇತುವೆಗೆ ಮೂರು. ಒಳಗೆ ಮೇಜರ್ ಜಾನ್ ಹವಾರ್ಡ್ ಕೈಕೆಳಗೆ ಆರು ಪ್ಲಟೂನ್ (ಸೈನಿಕರ ಸಣ್ಣ ತುಕಡಿ), ಜತೆಗೆ 30 ಮಂದಿ ಸೇನಾ ಎಂಜಿನಿಯರುಗಳು. ಇವರನ್ನು ಕಮಾಂಡೋಗಳೆಂದು ಬರೆಯುವವರಿದ್ದಾರೆ, ಅದು ತಪ್ಪು. ಇವರು ಗ್ಲೈಡರ್ ಕಾಲಾಳುಗಳು. ಇವರು ಇಳಿದದ್ದು ನಡುರಾತ್ರಿ, ಕಮಾಂಡೋಗಳು ಬಂದದ್ದು ಬೆಳಗಾಗಿ ಮಧ್ಯಾಹ್ನ.

ಹ್ಯಾಲಿಫ್ಯಾಕ್ಸ್ ಬಾಂಬರುಗಳು ಗ್ಲೈಡರುಗಳನ್ನು ಎಳೆದು ತಂದು ಸುಮಾರು 6,000 ಅಡಿ ಎತ್ತರದಲ್ಲಿ ಹಗ್ಗ ಬಿಟ್ಟವು. ಆಮೇಲೆ ಪೈಲಟ್‌ಗೆ ದಿಕ್ಸೂಚಿ, ಸ್ಟಾಪ್‌ವಾಚ್ ಅಷ್ಟೇ ಗತಿ: ಇಷ್ಟು ಸೆಕೆಂಡ್ ಈ ದಿಕ್ಕು, ತಿರುಗು, ಮತ್ತೆ ಇಷ್ಟು ಸೆಕೆಂಡ್. ಲೆಕ್ಕ ತಪ್ಪಿದರೆ ಮತ್ತೆ ಮೇಲೇರಲು ಎಂಜಿನ್ ಇಲ್ಲ. ರಾತ್ರಿ 12:16ಕ್ಕೆ ಪೈಲಟ್ ಜಿಮ್ ವಾಲ್‌ವರ್ಕ್‌ನ ಗ್ಲೈಡರ್ ನಿಂತದ್ದು ಕಾಲುವೆ ಸೇತುವೆಯಿಂದ 47 ಗಜದಲ್ಲಿ. ಒಂಬತ್ತು ಅಡಿ ಅಂತರಕ್ಕೆ ಸಸಿ ಇಟ್ಟ ಅಡಕೆ ತೋಟದಲ್ಲಿ ಹದಿನಾರು ಸಾಲಿನಷ್ಟು ದೂರ. ಹೊಡೆತಕ್ಕೆ ಇಬ್ಬರು ಪೈಲಟ್‌ಗಳೂ ಮುಂದಿನ ಗಾಜು ಒಡೆದು ಹೊರಕ್ಕೆ ಬಿದ್ದರು.

ಮೊದಲ ಕೆಲಸ ಕಾಂಕ್ರೀಟ್ ಕಾವಲುಗೂಡಿನ ಕಿಂಡಿಗೆ ಗ್ರೆನೇಡ್ ಹಾಕುವುದು. ಸ್ಫೋಟದ ಸ್ವಿಚ್ ಅಲ್ಲೇ ಇರಬಹುದೆಂಬ ಅನುಮಾನ. ಅಷ್ಟರಲ್ಲಿ ಲೆಫ್ಟಿನೆಂಟ್ ಡೆನ್ ಬ್ರದರಿಜ್ ತನ್ನ ಪ್ಲಟೂನಿನೊಂದಿಗೆ ಆಚೆ ದಡಕ್ಕೆ ಓಡಿದ. ಗುಂಡು ತಗಲಿ ಸತ್ತ. ಎಂಜಿನಿಯರುಗಳು ಅಡಿಯಲ್ಲಿ ತಡಕಿ ತಂತಿ ಕತ್ತರಿಸಿದರು. ಸ್ಫೋಟಕ ಮಾತ್ರ ಸೇತುವೆಯಲ್ಲಿ ಇರಲೇ ಇಲ್ಲ, ಹತ್ತಿರದ ಶೆಡ್ಡಿನಲ್ಲಿ ಇಟ್ಟಿದ್ದರು! ಆದರೆ ಅದನ್ನು ನಂಬಿ ಯೋಜನೆ ಹಾಕಲಾಗುತ್ತದೆಯೇ?

ಹತ್ತು-ಹದಿನೈದು ನಿಮಿಷದಲ್ಲಿ ಎರಡೂ ಕೈಸೇರಿದವು. ಕೆಟ್ಟದ್ದು ಬೇರೆ ಕಡೆ. ಹವಾರ್ಡ್ ನಂತರದ ಅಧಿಕಾರಿ ಇದ್ದ ಗ್ಲೈಡರ್ ಸುಮಾರು ಎಂಟು ಮೈಲು ದೂರದ ಡೀವ್ ನದಿ ಪಕ್ಕ ಇಳಿಯಿತು. ಅವರು ಅಲ್ಲಿದ್ದ ಸೇತುವೆಯನ್ನೇ ಹಿಡಿದು, ತಪ್ಪು ತಿಳಿದು ನಡೆದು ಬಂದರು. ಇನ್ನೊಂದು ಗ್ಲೈಡರಿನಿಂದ ಕೆರೆಗೆ ಬಿದ್ದ ಸೈನಿಕನೊಬ್ಬ ಮೇಲೇಳಲಿಲ್ಲ, ಹೊತ್ತ ಭಾರವೇ ಮುಳುವಾಯಿತು.

ಹಿಡಿದ ಮೇಲೆ ಉಳಿಸಿಕೊಳ್ಳುವುದು ಇನ್ನೂ ಕಷ್ಟ. ಟ್ಯಾಂಕ್ ಬಂದರೆ ತಡೆಯಲು ಇದ್ದದ್ದು ಪಿಯಾಟ್: ಸ್ಪ್ರಿಂಗಿನ ಬಲದಿಂದ ಬಾಂಬ್ ಎಸೆಯುವ, 32 ಪೌಂಡಿನ ಆಯುಧ. ಕತ್ತಲಲ್ಲಿ ಐವತ್ತು ಗಜಕ್ಕಿಂತ ಆಚೆ ಅದನ್ನು ನಂಬುವ ಹಾಗಿಲ್ಲ, ಮತ್ತೆ ತುಂಬಲು ಹೊತ್ತು ಬೇಕು. ಇಳಿಯುವ ಗದ್ದಲದಲ್ಲಿ ಕೆಲಸಕ್ಕೆ ಬರುವಂತೆ ಉಳಿದದ್ದು ಒಂದೇ ಒಂದು. ಸಾರ್ಜೆಂಟ್ ಥಾರ್ನ್‌ಟನ್ ಮುಂದಿನ ಜರ್ಮನ್ ವಾಹನ ಮೈಮೇಲೆ ಬರುವಷ್ಟು ಹತ್ತಿರವಾಗಲೆಂದು ಕಾದು ಹೊಡೆದ. ಒಳಗಿದ್ದ ಮದ್ದುಗುಂಡು ಸಿಡಿಯುತ್ತಾ ಅದು ಉರಿಯತೊಡಗಿತು. ಹಿಂದೆ ಬರುತ್ತಿದ್ದವು ತಿರುಗಿ ಹೋದವು.