ಖಾಲಿ ಬಿಟ್ಟ ಉತ್ತರಗಳು

ನೌಕರಿಗೆ ಅರ್ಜಿ ಹಾಕಿದವರಿಗೆ ಸಾಮರ್ಥ್ಯ ಪರೀಕ್ಷೆ ರೂಪಿಸುವುದು ನನ್ನ ಕೆಲಸ. ಒಮ್ಮೆ ಯಂತ್ರದ ನಕ್ಷೆ ಓದುವ ಹುದ್ದೆಗೊಂದು, ಗ್ರಾಹಕರ ದೂರುಗಳಿಗೆ ಉತ್ತರ ಬರೆಯುವ ಹುದ್ದೆಗೊಂದು ಪ್ರಶ್ನೆಪತ್ರಿಕೆ ಮಾಡಿಕೊಟ್ಟೆ. ಮೊದಲನೆಯದರಲ್ಲಿ ಗಂಡಸರ ಸರಾಸರಿ ಚೆನ್ನಾಗಿಯೇ ಮೇಲಿತ್ತು. ಎರಡನೆಯದರಲ್ಲಿ ಹೆಂಗಸರದು ಕೂದಲೆಳೆಯಷ್ಟು ಮೇಲಿತ್ತು. ಆಕೃತಿಗಳ ವಿಷಯದಲ್ಲಿ ಗಂಡಸರು, ಭಾಷೆಯಲ್ಲಿ ಹೆಂಗಸರು ಮುಂದೆ ಎಂದು ಓದಿಕೊಂಡದ್ದೇ ಕಣ್ಣೆದುರು ಬಂದಾಗ ಅನುಮಾನ ಯಾರಿಗೆ ಬಂದೀತು? ‘ನಿರೀಕ್ಷಿತ ಫಲಿತಾಂಶ’ ಎಂದು ವರದಿ ಕಳುಹಿಸಿದೆ.

ಅಂಕ ಕೂಡಿಸುತ್ತಿದ್ದ ಕಿರಿಯ ಸಹೋದ್ಯೋಗಿ, ನಕ್ಷೆಯ ಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆದವರ ಉತ್ತರಪತ್ರಿಕೆಗಳ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟು, “ಮೇಡಂ, ಇವರು ತಪ್ಪು ಬರೆದಿಲ್ಲ. ಮುಗಿಸಿಲ್ಲ, ಅಷ್ಟೇ” ಎಂದರು.

ನೋಡಿದೆ. ಆಕೃತಿಯೊಂದನ್ನು ಮನಸ್ಸಿನಲ್ಲೇ ತಿರುಗಿಸಿ, ಅದರ ಜೋಡಿಯನ್ನು ಗುರುತಿಸುವ ಪ್ರಶ್ನೆಗಳವು. 1971ರಲ್ಲಿ ಮನೋವಿಜ್ಞಾನಿಗಳಾದ ಶೆಪರ್ಡ್ ಮತ್ತು ಮೆಟ್ಜ್ಲರ್ ಇಂಥ ಘನಾಕೃತಿಗಳನ್ನು ಪ್ರಯೋಗಕ್ಕೆ ಬಳಸಿದ್ದರು. ಗಂಡು ಹೆಣ್ಣಿನ ನಡುವೆ ಎದ್ದುಕಾಣುವ ಅಂತರ ಮತ್ತೆ ಮತ್ತೆ ಸಿಗುವ ಕೆಲವೇ ಪರೀಕ್ಷೆಗಳಲ್ಲಿ ಇದೂ ಒಂದು. ಆದರೆ ಕಾಲಮಿತಿ ಸಡಿಲಿಸಿದರೆ ಆ ಅಂತರ ಕುಗ್ಗುತ್ತದೆ; ಪೂರ್ತಿ ಅಳಿಯುವುದಿಲ್ಲ, ನಿಜ. ಅನೇಕ ಹೆಂಗಸರು ಪ್ರತಿ ಉತ್ತರವನ್ನೂ ಎರಡೆರಡು ಸಲ ಪರಿಶೀಲಿಸಿ, ಕೊನೆಯ ಪ್ರಶ್ನೆಗಳನ್ನು ಖಾಲಿ ಬಿಟ್ಟಿದ್ದರು. ಬರೆದದ್ದು ಬಹುಪಾಲು ಸರಿಯಿತ್ತು. ಖಾಲಿಗೂ ತಪ್ಪಿಗೂ ಒಂದೇ ಸೊನ್ನೆ ಕೊಟ್ಟವಳು ನಾನು. ಆ ಹುದ್ದೆಯಲ್ಲೋ ಒಂದು ನಕ್ಷೆಯ ಮುಂದೆ ಅರ್ಧ ದಿನ ಕೂರಬಹುದು. ಅಲ್ಲಿ ದುಬಾರಿಯಾಗುವುದು ಅವಸರವೇ.

ಭಾಷೆಯ ಪತ್ರಿಕೆಯ ಬಗ್ಗೆಯೂ ನಾನು ಬೀಗಬೇಕಾದದ್ದೇನಿರಲಿಲ್ಲ. 1988ರಲ್ಲಿ ಸಂಶೋಧಕಿಯರಾದ ಜಾನೆಟ್ ಹೈಡ್ ಮತ್ತು ಮಾರ್ಷಿಯಾ ಲಿನ್ ಭಾಷಾ ಸಾಮರ್ಥ್ಯದ ಬಗೆಗಿನ 165 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಹೆಂಗಸರ ಮುನ್ನಡೆ 0.11 ಮಾನಕ ವಿಚಲನೆಯಷ್ಟೇ (ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬುದರ ಅಳತೆ ಅದು) ಇತ್ತು. ನೂರು ಗಂಡಸರನ್ನು ಅಂಕಗಳ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ಸರಾಸರಿ ಹೆಂಗಸೊಬ್ಬಳು ಸುಮಾರು 54 ಜನರನ್ನು ಹಿಂದೆ ಹಾಕುತ್ತಾಳೆ. ಉಳಿದ 46 ಮಂದಿ ಅವಳಿಗಿಂತ ಮುಂದೆಯೇ. ಬರವಣಿಗೆಯಲ್ಲಿ ಅಂತರ ಇದಕ್ಕಿಂತ ದೊಡ್ಡದು, ಒಪ್ಪುತ್ತೇನೆ. ಆದರೂ ಅರ್ಜಿಯ ಮೇಲಿನ ಹೆಸರು ನೋಡಿ ಯಾರ ಪತ್ರ ಚೆನ್ನಾಗಿರುತ್ತದೆಂದು ಹೇಳಲಾಗದು. ‘ಹೆಂಗಸರು ಹೇಗೂ ಮಾತುಗಾರ್ತಿಯರು’ ಎಂದು ನಗುತ್ತಿದ್ದ ವ್ಯವಸ್ಥಾಪಕರಿಗೆ 2007ರ ಅಧ್ಯಯನವೊಂದನ್ನು ತೋರಿಸಿದೆ: ವಿದ್ಯಾರ್ಥಿಗಳ ಮಾತನ್ನು ಧ್ವನಿಮುದ್ರಿಸಿ ಎಣಿಸಿದಾಗ ಗಂಡು ಹೆಣ್ಣು ಇಬ್ಬರೂ ಸರಾಸರಿ ದಿನಕ್ಕೆ ಹೆಚ್ಚುಕಡಿಮೆ 16,000 ಪದ ಆಡಿದ್ದರು. ಅವರು ನಂಬಲಿಲ್ಲ.

ಕಾಲಮಿತಿ ಇಮ್ಮಡಿ ಮಾಡಿ, ತಿರಸ್ಕೃತರಾದವರನ್ನು ಮತ್ತೆ ಕರೆದೆವು. ಅವರಲ್ಲಿ ನಿಧಾನಸ್ಥ ಗಂಡಸರೂ ಇದ್ದರು. ನನ್ನ ವರದಿಯಲ್ಲಿ ಅವರಿಗಂತೂ ಜಾಗವೇ ಇರಲಿಲ್ಲ. ಕೆಲವರು ಬಂದರು. ಹಲವರಿಗೆ ಅಷ್ಟರಲ್ಲಿ ಬೇರೆ ಕಡೆ ಕೆಲಸ ಸಿಕ್ಕಿತ್ತು.