ಜನ ಏನಂತ ಹುಡುಕುತ್ತಾರೆ? ಚಟ್ನಿ ಪುಡಿ ಜಾಹೀರಾತಿನಲ್ಲಿ ನಾನು ಕಲಿತದ್ದು

ನಮ್ಮದು ಮೈಸೂರಿನ ಕುವೆಂಪುನಗರದಲ್ಲಿ ಮನೆಯಿಂದಲೇ ನಡೆಯುವ ಪುಡಿಗಳ ವ್ಯಾಪಾರ. ಚಟ್ನಿ ಪುಡಿ, ಸಾರಿನ ಪುಡಿ, ಹುಳಿ ಪುಡಿ, ಬಿಸಿಬೇಳೆಬಾತ್ ಪುಡಿ. ಹುರಿಯುವುದು, ಹದ ನೋಡುವುದು ಎಲ್ಲ ನಮ್ಮತ್ತೆಯವರದು. ಪ್ಯಾಕಿಂಗ್, ಕೊರಿಯರ್, ಲೆಕ್ಕ, ಜಾಹೀರಾತು ನನ್ನದು. ಮೊದಲೆರಡು ವರ್ಷ ಅಕ್ಕಪಕ್ಕದವರು, ನೆಂಟರು, ಅವರ ವಾಟ್ಸಾಪ್ ಗ್ರೂಪುಗಳು, ಇಷ್ಟರಲ್ಲೇ ವ್ಯಾಪಾರ ನಡೆಯಿತು. ಆಮೇಲೆ ಒಂದು ಕಡೆ ಬಂದು ನಿಂತುಬಿಟ್ಟಿತು. ಗೊತ್ತಿರುವವರೆಲ್ಲ ತೆಗೆದುಕೊಂಡಾಗಿತ್ತು. ಹೊಸಬರು ಬೇಕಿತ್ತು.

ಹಾಗೆ ಶುರುವಾಗಿದ್ದು ಗೂಗಲ್ ಆಡ್ಸ್. ಯಾರಾದರೂ ಹುಡುಕಿದಾಗ ನಮ್ಮ ಜಾಹೀರಾತು ಮೇಲೆ ಕಾಣುತ್ತದೆ. ಸುಮ್ನೆ ಕಂಡರೆ ದುಡ್ಡಿಲ್ಲ, ಒತ್ತಿದರೆ ಮಾತ್ರ ದುಡ್ಡು. 2000ದಲ್ಲಿ ಇದು ಶುರುವಾದಾಗ ಇದರ ಹೆಸರು ಆಡ್‌ವರ್ಡ್ಸ್ ಅಂತ ಇತ್ತು, 2018ರಲ್ಲಿ ಬದಲಾಯಿತು. ನನಗೆ ಹಳೇ ಹೆಸರೇ ಸರಿಯಾಗಿತ್ತು ಅನ್ನಿಸುತ್ತದೆ. ಯಾಕೆಂದರೆ ಇಲ್ಲಿ ನಾವು ದುಡ್ಡು ಹಾಕುವುದು ಪದಗಳ ಮೇಲೆ.

ದಿನಕ್ಕೆ 150 ರೂಪಾಯಿ ಅಂತ ಇಟ್ಟೆ. ಮೂರನೇ ದಿನ ನೋಡಿದರೆ 280 ಖರ್ಚಾಗಿದೆ. ಎದೆ ಧಸಕ್ಕೆಂದಿತು. ಆಮೇಲೆ ಓದಿ ತಿಳಿದುಕೊಂಡೆ: ಹುಡುಕುವವರು ಜಾಸ್ತಿ ಇರುವ ದಿನ ನಾವು ಹೇಳಿದ್ದರ ಎರಡರಷ್ಟರವರೆಗೂ ಖರ್ಚಾಗಬಹುದು. ಆದರೆ ತಿಂಗಳ ಲೆಕ್ಕ ದಿನದ ಮೊತ್ತದ 30.4 ಪಟ್ಟು ದಾಟುವುದಿಲ್ಲ. ಅಂದರೆ ನಮ್ಮದು 4560 ರೂಪಾಯಿ. ಇದರ ಮೇಲೆ ಶೇಕಡಾ 18 ಜಿಎಸ್‌ಟಿ ಬೇರೆ. 1180 ಕಟ್ಟಿದರೆ ಜಾಹೀರಾತಿಗೆ ಸಿಗುವುದು 1000 ಅಂತ ಲೆಕ್ಕ ಹಾಕಿಕೊಂಡೇ ಕೂತುಕೊಳ್ಳಬೇಕು.

ಮೊದಲ ಹತ್ತು ದಿನದಲ್ಲಿ ಸುಮಾರು 1500 ರೂಪಾಯಿ ಹೋಯಿತು. ಇನ್ನೂರು ಚಿಲ್ಲರೆ ಜನ ಒತ್ತಿದ್ದರು. ಬಂದ ಆರ್ಡರ್ ಎರಡು.

ಅತ್ತೆ ಏನೂ ಅನ್ನಲಿಲ್ಲ. ರಾತ್ರಿ ಊಟಕ್ಕೆ ಬಡಿಸುತ್ತಾ, "ಅಷ್ಟು ಜನ ಅಂಗಡಿ ಬಾಗಿಲಿಗೆ ಬಂದು ಬರಿಗೈಲಿ ಹೋದ್ರಾ? ಅವರೆಲ್ಲ ಏನು ಕೇಳ್ಕೊಂಡು ಬಂದ್ರು ಅಂತ ನೋಡಮ್ಮ" ಅಂದರು. ಇವತ್ತಿಗೂ ನನ್ನ ಕೆಲಸ ನಡೆಯುತ್ತಿರುವುದು ಆ ಒಂದು ಮಾತಿನ ಮೇಲೆ.

ಅದನ್ನು ನೋಡುವ ಜಾಗ ಇದೆ. ಸರ್ಚ್ ಟರ್ಮ್ಸ್ ಅಂತ ಒಂದು ಪಟ್ಟಿ. ನಾವು ಕೊಟ್ಟ ಪದ ಕೀವರ್ಡ್. ಜನ ನಿಜವಾಗಿ ಟೈಪ್ ಮಾಡಿದ್ದು ಸರ್ಚ್ ಟರ್ಮ್. ಇವೆರಡೂ ಒಂದೇ ಅಂತ ನಾನು ಅಂದುಕೊಂಡಿದ್ದೆ. ನಾನು ಕೊಟ್ಟಿದ್ದು "ಚಟ್ನಿ ಪುಡಿ". ಪಟ್ಟಿ ತೆರೆದರೆ ಕಂಡದ್ದು ಹೀಗೆ: ಚಟ್ನಿ ಪುಡಿ ಮಾಡುವ ವಿಧಾನ. ಚಟ್ನಿ ಪುಡಿ ರೆಸಿಪಿ. ಖಾರದ ಪುಡಿ ಮಾಡೋ ಮಷೀನ್ ಬೆಲೆ. ಮನೆಯಲ್ಲೇ ಮಸಾಲೆ ಪ್ಯಾಕಿಂಗ್ ಕೆಲಸ.

ಕೊನೆಯದನ್ನು ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ಪಾಪ, ಯಾರೋ ಕೆಲಸ ಹುಡುಕಿಕೊಂಡು ಬಂದವರು. ಅವರ ಸಮಯವೂ ಹೋಯಿತು, ನಮ್ಮ ಏಳು ರೂಪಾಯಿಯೂ ಹೋಯಿತು. ಅವರ ತಪ್ಪೇನಿದೆ? ನಾನು ಪದ ಕೊಟ್ಟ ರೀತಿಯೇ ಹಾಗಿತ್ತು. ಸುಮ್ನೆ ಒಂದು ಪದ ಹಾಕಿ ಬಿಟ್ಟರೆ ಅದು ಬ್ರಾಡ್ ಮ್ಯಾಚ್. ಆ ಪದಕ್ಕೆ ಹತ್ತಿರ ಅನ್ನಿಸುವ ಎಲ್ಲದಕ್ಕೂ ಜಾಹೀರಾತು ಹೋಗುತ್ತದೆ. ಉದ್ಧರಣ ಚಿಹ್ನೆ ಹಾಕಿದರೆ ಫ್ರೇಸ್ ಮ್ಯಾಚ್: ಆ ಅರ್ಥ ಒಳಗೆ ಇರಲೇಬೇಕು. ಚೌಕ ಆವರಣ ಹಾಕಿದರೆ ಎಕ್ಸಾಕ್ಟ್ ಮ್ಯಾಚ್: ಅದೇ ಪದ ಅಥವಾ ಅದೇ ಅರ್ಥದ್ದು ಮಾತ್ರ. ನಾನು "ಚಟ್ನಿ ಪುಡಿ ಆನ್‌ಲೈನ್", "ಮೈಸೂರು ಸಾರಿನ ಪುಡಿ", "ಹುಳಿ ಪುಡಿ ಬೆಲೆ" ಅನ್ನುವಂಥ ಪದಗಳಿಗೆ ಬಂದೆ. ಬೆಲೆ ಕೇಳುವವರು, ಎಲ್ಲಿ ಸಿಗುತ್ತದೆ ಅಂತ ಕೇಳುವವರು ಕೊಳ್ಳಲು ಬಂದವರು. ವಿಧಾನ ಕೇಳುವವರು ಮಾಡಿಕೊಳ್ಳಲು ಹೊರಟವರು.

ಬೇಡದ್ದನ್ನು ತಡೆಯಲು ನೆಗೆಟಿವ್ ಕೀವರ್ಡ್ ಅಂತ ಇದೆ. ಇಲ್ಲಿ ಒಂದು ಮಾತು ಚೆನ್ನಾಗಿ ನೆನಪಿಡಬೇಕು. ಕೊಡುವ ಪದಕ್ಕೆ ಅರ್ಥ ಹತ್ತಿರದ್ದೆಲ್ಲ ಬರುತ್ತದೆ, ತಡೆಯುವ ಪದಕ್ಕೆ ಹಾಗಿಲ್ಲ. "ರೆಸಿಪಿ" ತಡೆದರೆ "ಮಾಡುವ ವಿಧಾನ" ನಿಲ್ಲುವುದಿಲ್ಲ. "ಮಾಡೋದು ಹೇಗೆ" ಅದೂ ಬೇರೆ. ನಮ್ಮವರು ಕನ್ನಡ ಲಿಪಿಯಲ್ಲೂ ಹುಡುಕುತ್ತಾರೆ, ಇಂಗ್ಲಿಷ್ ಅಕ್ಷರದಲ್ಲೂ ಕನ್ನಡ ಬರೆಯುತ್ತಾರೆ. ಒಬ್ಬರು "ಸಾ" ಅನ್ನಲು ಒಂದು ಎ ಹಾಕಿದರೆ ಇನ್ನೊಬ್ಬರು ಎರಡು. ಮಷೀನ್, ಕೆಲಸ, ಜಾಬ್, ಫೋಟೋ, ಫ್ರೀ, ವಿಧಾನ, ಎಲ್ಲವನ್ನೂ ಎರಡೂ ಲಿಪಿಯಲ್ಲಿ ಒಂದೊಂದಾಗಿ ಸೇರಿಸಿದೆ. ಈಗ ನೂರಕ್ಕೂ ಜಾಸ್ತಿ ಪದಗಳಿವೆ. ಬೇಳೆಯಲ್ಲಿ ಕಲ್ಲು ಆರಿಸಿದ ಹಾಗೇ, ಒಂದು ದಿನದಲ್ಲಿ ಮುಗಿಯುವ ಕೆಲಸವಲ್ಲ.

ಲೆಕ್ಕದ ಮಾತಿಗೆ ಬರುತ್ತೇನೆ, ಮನೆ ವ್ಯಾಪಾರ ಮಾಡುವವರು ಬಹಳ ಜನ ಇದನ್ನೇ ಬಿಡುತ್ತಾರೆ. ನಮ್ಮ ಕಾಲು ಕೆಜಿ ಚಟ್ನಿ ಪುಡಿ 150 ರೂಪಾಯಿ. ಸಂತೆಪೇಟೆಯಿಂದ ತರುವ ಬೇಳೆ, ಬ್ಯಾಡಗಿ ಮೆಣಸಿನಕಾಯಿ, ಕೊಬ್ಬರಿ, ಗ್ಯಾಸ್, ಕವರ್ ಎಲ್ಲ ಕಳೆದರೆ ಉಳಿಯುವುದು 70. ಒಂದು ಕ್ಲಿಕ್ಕಿಗೆ 7 ರೂಪಾಯಿ. ಪದಗಳನ್ನು ಸರಿ ಮಾಡಿದ ಮೇಲೆ ನೂರು ಜನ ಒತ್ತಿದರೆ ನಾಲ್ಕು ಆರ್ಡರ್ ಬರತೊಡಗಿತು. ಖುಷಿಯಾಯಿತು. ಕಾಗದದ ಮೇಲೆ ಬರೆದಾಗ ಖುಷಿ ಇಳಿಯಿತು: 700 ರೂಪಾಯಿಗೆ ನಾಲ್ಕು ಆರ್ಡರ್ ಅಂದರೆ ಒಂದಕ್ಕೆ 175. ಉಳಿಯುವುದು 70. ಒಂದೊಂದು ಪ್ಯಾಕೆಟ್‌ಗೂ 105 ರೂಪಾಯಿ ಕೈಯಿಂದ ಹಾಕಿ ಕಳಿಸುತ್ತಿದ್ದೆ.

ಅದಕ್ಕೇ ನಾಲ್ಕೂ ಪುಡಿ ಸೇರಿಸಿ 580 ರೂಪಾಯಿಯ ಒಂದು ಸೆಟ್ ಮಾಡಿದೆವು. ಅದರಲ್ಲಿ 250 ಉಳಿಯುತ್ತದೆ. ಜಾಹೀರಾತಿನ ಖರ್ಚು ಕಳೆದರೂ 75 ಕೈಯಲ್ಲಿ. ಒಂದು ಸಲ ತೆಗೆದುಕೊಂಡವರು ಎರಡನೇ ಸಲ ನೇರವಾಗಿ ವಾಟ್ಸಾಪ್‌ನಲ್ಲೇ ಕೇಳುತ್ತಾರೆ, ಅದಕ್ಕೆ ಕ್ಲಿಕ್ಕಿನ ಖರ್ಚಿಲ್ಲ. ಜಾಹೀರಾತು ಈಗ ಸೆಟ್‌ಗೆ ಮಾತ್ರ.

ಒತ್ತಿದವರು ಸೀದಾ ಆ ಸೆಟ್‌ನ ಪುಟಕ್ಕೇ ಹೋಗಬೇಕು. ಮೊದಲು ನಾನು ಎಲ್ಲರನ್ನೂ ಮುಖಪುಟಕ್ಕೆ ಕಳಿಸುತ್ತಿದ್ದೆ, ಅಲ್ಲಿ ದೊಡ್ಡ ದೊಡ್ಡ ಫೋಟೋ ತೆರೆಯುವಷ್ಟರಲ್ಲಿ ಜನ ವಾಪಸ್ ಹೋಗುತ್ತಿದ್ದರು. ಪುಟ ಚೆನ್ನಾಗಿದ್ದರೆ ಇನ್ನೊಂದು ಲಾಭ ಇದೆ. ಪ್ರತಿ ಹುಡುಕಾಟಕ್ಕೂ ಒಂದು ಹರಾಜು ನಡೆಯುತ್ತದೆ, ಅದರಲ್ಲಿ ದುಡ್ಡೊಂದೇ ಲೆಕ್ಕಕ್ಕಿಲ್ಲ. ಜಾಹೀರಾತು ಹುಡುಕಿದ ಮಾತಿಗೆ ಹೊಂದುತ್ತದಾ, ಜನ ಒತ್ತುವ ಸಾಧ್ಯತೆ ಎಷ್ಟು, ಪುಟ ಉಪಯೋಗಕ್ಕೆ ಬರುತ್ತದಾ, ಇವನ್ನೂ ನೋಡುತ್ತಾರೆ. ಕಡಿಮೆ ದುಡ್ಡು ಹೇಳಿದವರೂ ಮೇಲೆ ಬರಬಹುದು. ಈ ಹರಾಜಿನ ವಿಷಯ ಗೊತ್ತಿದ್ದುದಕ್ಕೇ, "ತಿಂಗಳಿಗೆ ಇಷ್ಟು ಕೊಡಿ, ಮೊದಲನೇ ಸ್ಥಾನ ಗ್ಯಾರಂಟಿ" ಅಂತ ಫೋನ್ ಮಾಡಿದವರಿಗೆ ಬೇಡ ಅಂದೆ. ಪ್ರತಿ ಸಲ ಹೊಸದಾಗಿ ನಡೆಯುವ ಹರಾಜಿಗೆ ಯಾರು ಗ್ಯಾರಂಟಿ ಕೊಡಲು ಸಾಧ್ಯ ಅಲ್ವಾ?

ಕನ್ನಡದಲ್ಲಿ ಜಾಹೀರಾತು ಬರೆಯುವವರಿಗೆ ಒಂದು ಕಿವಿಮಾತು. ತಲೆಬರಹಕ್ಕೆ 30 ಅಕ್ಷರ, ವಿವರಣೆಗೆ 90. ಸಾಕಷ್ಟಾಯಿತು ಅನ್ನಿಸುತ್ತದೆ. ಆದರೆ ಕಂಪ್ಯೂಟರ್ ಗುಣಿತವನ್ನೂ ಒತ್ತಕ್ಷರವನ್ನೂ ಬಿಡಿಸಿ ಎಣಿಸುತ್ತದೆ. "ಚಟ್ನಿ ಪುಡಿ" ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಅದಕ್ಕೆ ನಡುವಿನ ಜಾಗವೂ ಸೇರಿ ಹತ್ತು. ಹಾಗಾಗಿ "ಪರಿಶುದ್ಧ", "ಸಾಂಪ್ರದಾಯಿಕ" ಅನ್ನುವ ಭಾರೀ ಪದಗಳನ್ನು ಬಿಟ್ಟು "ಮನೇಲಿ ಹುರಿದ ಚಟ್ನಿ ಪುಡಿ" ಅಂತ ಬರೆದೆ. ಜನ ಒತ್ತಿದ್ದೂ ಅದನ್ನೇ ಜಾಸ್ತಿ.

ಸ್ಥಳದ ಸೆಟ್ಟಿಂಗ್ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಕರ್ನಾಟಕ ಅಂತ ಆರಿಸಿದರೂ, ಇಲ್ಲಿ ಇರುವವರ ಜೊತೆಗೆ ಈ ಜಾಗದಲ್ಲಿ ಆಸಕ್ತಿ ತೋರಿಸಿದವರಿಗೂ ಜಾಹೀರಾತು ಕಾಣುತ್ತದೆ. ಅದು ಮೊದಲೇ ಹಾಗಿರುತ್ತದೆ, ಬೇಡವಾದರೆ ನಾವೇ ಬದಲಿಸಬೇಕು. ಎಲ್ಲರೂ ಬದಲಿಸಿ ಅನ್ನುತ್ತಾರೆ. ನಾನೂ ಬದಲಿಸುವುದರಲ್ಲಿದ್ದೆ. ಅಷ್ಟರಲ್ಲಿ ಅಮೆರಿಕದಿಂದ ಒಬ್ಬರು ಮೆಸೇಜ್ ಮಾಡಿದರು. ಪುಡಿ ಅವರಿಗಲ್ಲ. ಸರಸ್ವತಿಪುರದಲ್ಲಿ ಇಬ್ಬರೇ ಇರುವ ಅಪ್ಪ ಅಮ್ಮನಿಗೆ. ಅಮ್ಮನಿಗೆ ಈಗ ಹುರಿಯುತ್ತಾ ನಿಲ್ಲಲು ಆಗುವುದಿಲ್ಲವಂತೆ. ಆ ಆರ್ಡರ್‌ಗೆ ಕೊರಿಯರ್ ಬೇಕಾಗಲಿಲ್ಲ, ನಾನೇ ಸ್ಕೂಟರ್‌ನಲ್ಲಿ ಹೋಗಿ ಕೊಟ್ಟು ಬಂದೆ. ಆ ಅಮ್ಮ ಪ್ಯಾಕೆಟ್ ಬಿಚ್ಚಿ, ಅಂಗೈಗೆ ಚೂರು ಹಾಕಿಕೊಂಡು ರುಚಿ ನೋಡಿ, "ಇಂಗು ಸರಿಯಾಗಿ ಬಿದ್ದಿದೆ" ಅಂದರು. ಹೊರಗಿರುವ ಮಕ್ಕಳಿಗೆ ಅಂತಲೇ ಈಗ ಬೇರೆ ಒಂದು ಸಣ್ಣ ಕ್ಯಾಂಪೇನ್ ಇದೆ, ದಿನಕ್ಕೆ 50 ರೂಪಾಯಿಯದು. ದೊಡ್ಡ ಕ್ಯಾಂಪೇನ್ ಇಲ್ಲಿ ಇರುವವರಿಗಷ್ಟೇ ಕಾಣುವ ಹಾಗೆ ಬದಲಿಸಿದೆ.

ವಾಟ್ಸಾಪ್ ಬಟನ್ ಒತ್ತಿದ್ದನ್ನು ಆರ್ಡರ್ ಅಂತ ಎಣಿಸಬೇಡಿ. ಬಟನ್ ಒತ್ತಿ ಸುಮ್ಮನಾಗುವವರೇ ಜಾಸ್ತಿ. ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ದುಡ್ಡು ಬಂದ ಮೇಲೆ ಮಾತ್ರ ಅದರಲ್ಲಿ ಒಂದು ಗೆರೆ.

ಪಟ್ಟಿ ನೋಡುವುದು ಈಗ ಮನೆಯ ದಿನಚರಿಯಾಗಿದೆ. ಸಂಜೆ ಕಾಫಿ ಹೊತ್ತಿಗೆ ನಾನು ಓದುತ್ತೇನೆ, ಅತ್ತೆ ಕೇಳುತ್ತಾರೆ. ಹೋದ ತಿಂಗಳು ಒಂದೇ ವಾರದಲ್ಲಿ ಮೂರು ಸಲ "ಕೊಬ್ಬರಿ ಇಲ್ಲದ ಚಟ್ನಿ ಪುಡಿ" ಅಂತ ಬಂದಿತ್ತು. ನಮ್ಮಲ್ಲಿ ಅಂಥದ್ದು ಇಲ್ಲ. ತಡೆಯುವ ಪಟ್ಟಿಗೆ ಸೇರಿಸಲು ಬೆರಳು ಇಟ್ಟಿದ್ದೆ.

"ತಡಿ ತಡಿ, ಅದನ್ನ ತೆಗೀಬೇಡ" ಅಂದರು ಅತ್ತೆ. "ಯಾರೋ ಮಕ್ಕಳಿಗೆ ದೂರದ ಊರಿಗೆ ಕಳಿಸೋರು ಕಣಮ್ಮ. ಕೊಬ್ಬರಿ ಹಾಕಿದ್ರೆ ದಿನ ಕಳೆದ ಹಾಗೆ ಕಮಟು ವಾಸನೆ ಬರತ್ತೆ. ಅವರಿಗೆ ಬಾಳಿಕೆ ಬರೋದು ಬೇಕು."

ಮಾರನೇ ದಿನ ಬೆಳಿಗ್ಗೆ ಎದ್ದಾಗ ಅಡುಗೆಮನೆಯಿಂದ ಅಗಸೆ ಹುರಿಯುವ ಘಮ ಬರುತ್ತಿತ್ತು. ಅರ್ಧ ಕೆಜಿ ಮಾಡಿದ್ದರು. ಹೊಸ ಪುಟ ಹಾಕಿ, ಅವರು ಹುಡುಕಿದ ಮಾತನ್ನೇ ಚೌಕ ಆವರಣದಲ್ಲಿ ಟೈಪ್ ಮಾಡಿದೆ: [ಕೊಬ್ಬರಿ ಇಲ್ಲದ ಚಟ್ನಿ ಪುಡಿ].