ಅಜ್ಜನ ಓಟು, ಕುಡುಗೋಲು-ತೆನೆ ಮತ್ತು ದಾವಣಗೆರೆ

ಹೋದ ತಿಂಗಳು ಅಜ್ಜಿಯ ಟ್ರಂಕ್ ಖಾಲಿ ಮಾಡುವಾಗ ಒಂದು ಸಣ್ಣ ರಸೀದಿ ಸಿಕ್ಕಿತು. ಯೂನಿಯನ್ ಚಂದಾದ್ದು. ಮಡಿಕೆ ಇದ್ದ ಕಡೆ ಹರಿದಿದೆ, ಬಣ್ಣ ಹೋಗಿದೆ, ಕೆಳಗಿನ ನೇರಳೆ ಸೀಲು ಮಾತ್ರ ಇನ್ನೂ ಕಾಣುತ್ತದೆ. ನಮ್ಮಜ್ಜ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮನೆಗೆ ಬಂದರೆ ಹುಬ್ಬು, ಕಿವಿ, ತಲೆಗೂದಲು ಎಲ್ಲ ಬೆಳ್ಳಗೆ. ಅಜ್ಜಿ ಅವರನ್ನು ಅಂಗಳದಲ್ಲೇ ನಿಲ್ಲಿಸಿ, ಟವೆಲ್ಲಿನಿಂದ ಹತ್ತಿ ಧೂಳು ಕೊಡವಿ, ಆಮೇಲೇ ಒಳಗೆ ಬಿಡುತ್ತಿದ್ದಳಂತೆ.

ರಸೀದಿ ನೋಡಿ ಅಜ್ಜಿ ಹೇಳಿದ್ದು ಒಂದೇ ಹೆಸರು: ಪಂಪಾಪತಿ.

ನನ್ನ ವಯಸ್ಸಿನವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ ಏನೋ, ನಮ್ಮ ದಾವಣಗೆರೆ ಸತತವಾಗಿ ಮೂರು ಸಲ ಕಮ್ಯುನಿಸ್ಟ್ ಶಾಸಕರನ್ನು ಆರಿಸಿ ಕಳಿಸಿದ ಊರು. 1978, 1983, 1985. ಮೂರೂ ಸಲ ಸಿಪಿಐನ (ಭಾರತ ಕಮ್ಯುನಿಸ್ಟ್ ಪಕ್ಷ) ಕಾರ್ಮಿಕ ನಾಯಕ ಪಂಪಾಪತಿಯವರೇ. ಆ ವರ್ಷಗಳನ್ನು ಸ್ವಲ್ಪ ನೆನಪಿಸಿಕೊಳ್ಳಿ. 1978ರಲ್ಲಿ ರಾಜ್ಯದಲ್ಲಿ ಇಂದಿರಾ ಕಾಂಗ್ರೆಸ್ ಗೆದ್ದು ದೇವರಾಜ ಅರಸು ಮತ್ತೆ ಮುಖ್ಯಮಂತ್ರಿ ಆದರು. 1983ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾಗಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. 1985ರಲ್ಲಿ ಜನತಾ ಪಕ್ಷ ಸ್ವಂತ ಬಲದ ಮೇಲೇ ಬಹುಮತ ಪಡೆಯಿತು. ರಾಜ್ಯದ ಗಾಳಿ ಹೀಗೆ ತಿರುಗುತ್ತಾ ಇದ್ದರೂ ದಾವಣಗೆರೆ ಸಿಪಿಐ ಚಿಹ್ನೆಯಾದ ಕುಡುಗೋಲು-ತೆನೆಯನ್ನು ಬಿಡಲಿಲ್ಲ.

ಯಾಕೆ? ಪುಸ್ತಕ ಓದಿ ಕಮ್ಯುನಿಸ್ಟ್ ಆದವರಲ್ಲ ನಮ್ಮಜ್ಜ. ವಾರಕ್ಕೊಮ್ಮೆ ತಪ್ಪದೆ ಆಂಜನೇಯನ ಗುಡಿಗೆ ಹೋಗುತ್ತಿದ್ದರು. ಆದರೆ ಸಾವಿರಾರು ಜನ ಒಂದೇ ಸೈರನ್ನಿಗೆ ಎದ್ದು, ಒಂದೇ ಗೇಟಿನಲ್ಲಿ ಒಳಗೆ ಹೋಗಿ, ಒಂದೇ ಹೊತ್ತಿಗೆ ಹೊರಗೆ ಬಂದು, ಸಾಲಾಗಿ ಕಟ್ಟಿದ ಮನೆಗಳಲ್ಲಿ ಗೋಡೆಗೆ ಗೋಡೆ ತಾಗಿಸಿಕೊಂಡು ಬದುಕುತ್ತಿದ್ದರು. ಬೋನಸ್ ಕಡಿಮೆಯಾದರೆ ಎಲ್ಲರಿಗೂ ಕಡಿಮೆ. ಪಾಳಿ ಬದಲಾಗುವ ಹೊತ್ತಿಗೆ ಗೇಟ್ ಮುಂದೆ ನಿಂತು ಮಾತಾಡಿದರೆ ಸಾಕು, ಸಂಜೆಯೊಳಗೆ ಆ ಮಾತು ಓಣಿ ಓಣಿಗೂ ಮುಟ್ಟುತ್ತಿತ್ತು.

ಆಮೇಲೆ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. 1989ರಲ್ಲಿ ಸೀಟು ಕಾಂಗ್ರೆಸ್‌ಗೆ ಹೋಯಿತು. 1994ರಲ್ಲಿ ಕಾಂಗ್ರೆಸ್ಸಿನ ಶಾಮನೂರು ಶಿವಶಂಕರಪ್ಪನವರು ಮೊದಲ ಸಲ ಶಾಸಕರಾದರು. ಅವರು 1998ರಲ್ಲಿ ಲೋಕಸಭೆಗೆ ಹೋದಾಗ ಮಗ ಎಸ್.ಎಸ್. ಮಲ್ಲಿಕಾರ್ಜುನ್ ಆ ಜಾಗಕ್ಕೆ ಬಂದರು. ಬಟ್ಟೆ ಗಿರಣಿಗಳ ಊರು ಶಾಮನೂರು ಅವರು ಮುನ್ನಡೆಸಿದ ಬಾಪೂಜಿ ವಿದ್ಯಾಸಂಸ್ಥೆಯ ಕಾಲೇಜುಗಳ ಊರಾಯಿತು. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ, ಆ ಕಾಲೇಜುಗಳಲ್ಲಿ ಓದಿದವರು ನಮ್ಮ ಮನೆಯಲ್ಲೂ ಇದ್ದಾರೆ.

2008ರಲ್ಲಿ ಕ್ಷೇತ್ರವೇ ಎರಡಾಯಿತು, ಉತ್ತರ ಮತ್ತು ದಕ್ಷಿಣ. ದಕ್ಷಿಣದಲ್ಲಿ ಅಲ್ಲಿಂದ 2023ರವರೆಗೆ ನಾಲ್ಕು ಚುನಾವಣೆಯಲ್ಲೂ ಶಾಮನೂರು ಅವರೇ ಗೆದ್ದರು. ಪಕ್ಕದ ಮಾಯಕೊಂಡ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಅಲ್ಲಿಂದ ಮೂರು ಸಲ ಗೆದ್ದಿದ್ದ ಬಿಜೆಪಿಯ ಎಸ್.ಎ. ರವೀಂದ್ರನಾಥ್ ಉತ್ತರಕ್ಕೆ ಬಂದು ಗೆದ್ದರು. ಆಮೇಲೆ ಉತ್ತರ 2013ರಲ್ಲಿ ಮಲ್ಲಿಕಾರ್ಜುನ್ ಅವರಿಗೆ, 2018ರಲ್ಲಿ ರವೀಂದ್ರನಾಥ್ ಅವರಿಗೆ, 2023ರಲ್ಲಿ ಮತ್ತೆ ಮಲ್ಲಿಕಾರ್ಜುನ್ ಅವರಿಗೆ. ನಮ್ಮ ಮನೆಯಲ್ಲೇ ಈಗ ಅಜ್ಜಿಯ ಓಟು ದಕ್ಷಿಣದಲ್ಲಿ, ನಮ್ಮದು ಉತ್ತರದಲ್ಲಿ.

ನನಗೆ ಸಂಕಟ ಆಗುವುದು ಬೇರೆ ವಿಷಯಕ್ಕೆ. ದುಡಿಯುವ ಜನ ಈ ಊರಲ್ಲಿ ಕಡಿಮೆಯಾದರಾ? ಇಲ್ಲ. ಮಂಡಕ್ಕಿ ಭಟ್ಟಿಯ ಬಿಸಿ ಮರಳಿನ ಮುಂದೆ ನಸುಕಿನಿಂದ ನಿಲ್ಲುವವರು ಇದ್ದಾರೆ. ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲರು, ಗಾರೆ ಕೆಲಸದವರು, ಆಟೋದವರು, ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತೇ ಇರುವ ಹುಡುಗಿಯರು, ಎಲ್ಲ ಇದ್ದಾರೆ. ಆದರೆ ಇವರೆಲ್ಲ ಒಂದು ಗೇಟಿನ ಮುಂದೆ ಸೇರುವುದಿಲ್ಲ. ಭಟ್ಟಿಯವರ ಕಷ್ಟ ಭಟ್ಟಿಯಲ್ಲೇ ಉಳಿಯುತ್ತದೆ, ಹಮಾಲರದ್ದು ಅಡತಿ ಅಂಗಡಿಯಲ್ಲೇ. ತಮ್ಮೊಳಗಿನ ಒಬ್ಬರನ್ನು ವಿಧಾನಸೌಧಕ್ಕೆ ಕಳಿಸಬಹುದು ಅನ್ನುವ ಯೋಚನೆಯೇ ಇವರಿಗೆ ಈಗ ಬರುವುದಿಲ್ಲ. ನಮ್ಮಜ್ಜನಿಗೆ ಅದು ಸಹಜವಾಗಿತ್ತು, ಮೂರು ಸಲ ಮಾಡಿಯೂ ತೋರಿಸಿದ್ದರು ಅಲ್ವಾ.

ರಸೀದಿಯನ್ನು ನಾನು ಫ್ರೇಮ್ ಹಾಕಿಸುತ್ತೇನೆ ಅಂದೆ. ಅಜ್ಜಿ ಒಪ್ಪಲಿಲ್ಲ. ಓಟರ್ ಐಡಿ, ರೇಷನ್ ಕಾರ್ಡ್ ಇರುವ ತನ್ನ ಪ್ಲಾಸ್ಟಿಕ್ ಕವರಿನಲ್ಲೇ ಇಟ್ಟುಕೊಂಡಳು.